ಹಳೇ ಯುನಿವರ್ಸಿಟಿ ಮೈನ್‌ಫ್ರೇಮ್ ಒಂದನ್ನು ಆಫ್ ಮಾಡ್ಲಿಕ್ಕೆ ವರ್ಷಗಟ್ಲೆ ಯಾಕೆ ಬೇಕು? (ಮತ್ತೆ ಅಟ್ಟದಲ್ಲಿ ಸಿಕ್ಕಿದ ಒಂದು ಟೇಪು)

ಪೆರ್ಲದ_ಹುಡುಗ

ಎಲ್ರಿಗೂ ನಮಸ್ಕಾರ. ಇದನ್ನು ಇಲ್ಲಿ ಕೇಳ್ಬಹುದಾ ಇಲ್ವಾ ಗೊತ್ತಿಲ್ಲ, ಆದ್ರೆ ಹಳೇ ಕಾಲದ ದೊಡ್ಡ ಕಂಪ್ಯೂಟರ್ ಮುಟ್ಟಿದವರು ಕೆಲವರು ಇಲ್ಲಿ ಇದ್ದೀರಿ ಅಂತ ಗೊತ್ತುಂಟು, ಹಾಗಾಗಿ ಕೇಳ್ತಾ ಇದ್ದೇನೆ. ನಮ್ಮ ಸೋದರಮಾವ ಎಂಬತ್ತರ ದಶಕದಲ್ಲಿ ಅಮೆರಿಕಕ್ಕೆ ಹೋಗಿ ಅಲ್ಲಿ ಒಂದು ಯುನಿವರ್ಸಿಟಿಯ ಕಂಪ್ಯೂಟರ್ ಸೆಂಟರಲ್ಲಿ ರಾತ್ರಿ ಪಾಳಿ ಆಪರೇಟರ್ ಆಗಿದ್ರು. ಈಗ ಊರಿಗೆ ಬಂದು ಬದಿಯಡ್ಕದ ಹತ್ರ ತೋಟ ನೋಡಿಕೊಂಡು ಇದ್ದಾರೆ. ನಮ್ಮ ಗ್ರಂಥಾಲಯದ ವಾರ್ಷಿಕ ಸಂಚಿಕೆಗೆ ಅವರ ಬಗ್ಗೆ ಬರೀಲಿಕ್ಕೆ ನನ್ನ ತಲೆಗೆ ಕಟ್ಟಿದ್ದಾರೆ, ನಾನು ಓದಿದ್ದು ಕಾಮರ್ಸ್, ಇದರಲ್ಲಿ ನಂಗೆ ತಲೆಬುಡ ಗೊತ್ತಿಲ್ಲ.

ಮಾವ ಹೇಳುದು ಎಂತ ಅಂದ್ರೆ ಅವರಲ್ಲಿ ಐಬಿಎಂ 3081 ಅಂತ ಒಂದು ಮಿಶನ್ ಇತ್ತಂತೆ, ಅದಕ್ಕೆ ನೀರಿನ ಪೈಪ್ ಕನೆಕ್ಷನ್ ಇತ್ತಂತೆ (ಇದು ನಿಜವಾ, ಅಲ್ಲ ನನ್ನನ್ನು ಮಂಗ ಮಾಡಿದ್ದಾ?), ಇಂಟರ್ನೆಟ್ ಬರುವ ಮೊದ್ಲೇ ಅದರಲ್ಲಿ ಬಿಟ್‌ನೆಟ್ ಅಂತ ಒಂದು ನೆಟ್‌ವರ್ಕ್ ಇತ್ತು, ಅದರಲ್ಲಿ ಯುರೋಪಿಗೆಲ್ಲ ಮೇಲ್ ಹೋಗ್ತಿತ್ತು. ತೊಂಬತ್ತರ ದಶಕದಲ್ಲಿ ಆ ಮಿಶನ್ ನಿಲ್ಲಿಸಿದ್ರು. ಹಾಳಾಗಿತ್ತಾ ಕೇಳಿದ್ರೆ ಇಲ್ಲ, ಚೆನ್ನಾಗಿ ಓಡ್ತಾ ಇತ್ತು ಅಂತಾರೆ. ಮತ್ತೆ ಯಾಕೆ ನಿಲ್ಲಿಸಿದ್ದು ಅಂದ್ರೆ, "ನಿಲ್ಲಿಸುದು ನಿರ್ಧಾರ ಆದ ಮೇಲೆ ನಿಲ್ಲಿಸ್ಲಿಕ್ಕೆ ವರ್ಷಗಟ್ಲೆ ಹಿಡೀತು ಮಾರಾಯ, ನಿನಗೆ ಹೇಳಿದ್ರೆ ಅರ್ಥ ಆಗ್ಲಿಕ್ಕಿಲ್ಲ" ಅಂತ ಹೇಳಿ ಸ್ಪ್ರೇ ಮಾಡ್ಲಿಕ್ಕೆ ಹೋದ್ರು. ಒಂದು ಸ್ವಿಚ್ ಆಫ್ ಮಾಡ್ಲಿಕ್ಕೆ ವರ್ಷ ಯಾಕೆ ಬೇಕು?

ಇನ್ನೊಂದು, ಅವರ ಅಟ್ಟದಲ್ಲಿ ಊಟದ ಬಟ್ಟಲಿನಷ್ಟು ಅಗಲದ ಒಂದು ಟೇಪಿನ ಸುರುಳಿ ಉಂಟು, ಸುತ್ತ ಪ್ಲಾಸ್ಟಿಕ್ ಪಟ್ಟಿ, ಮೇಲೆ ಚೀಟಿಯಲ್ಲಿ 1600 ಬಿಪಿಐ ಅಂತ ಬರ್ದದ್ದು ಓದ್ಲಿಕ್ಕಾಗ್ತದೆ, ಬಾಕಿ ಅಕ್ಷರ ಮಾಸಿದೆ. ಅವರ ಹಳೇ ಮೇಲ್ ಎಲ್ಲ ಅದರಲ್ಲಿ ಉಂಟು ಅಂತಾರೆ. ಅದನ್ನು ಈಗ ಓದ್ಬಹುದಾ? ಸ್ವಲ್ಪ ಬೂಸ್ಟು ಹಿಡಿದ ಹಾಗೆ ಕಾಣ್ತದೆ. ನಮ್ಮಲ್ಲಿ ಕೊಬ್ಬರಿ ಒಣಗಿಸುವ ಡ್ರೈಯರ್ ಉಂಟು, ಅದರಲ್ಲಿ ಒಂದು ದಿನ ಇಟ್ರೆ ಸರಿ ಆದೀತಾ?

---

ಅಕ್ಕಲಕೋಟ_ಮಂದಿ

ತಮ್ಮಾ, ಮೊದ್ಲ ಆ ಡ್ರೈಯರ್ ವಿಚಾರ ಬಿಡು. ಅದರ ಬಗ್ಗೆ ಗೊತ್ತಿದ್ದವ್ರು ಯಾರರೆ ಬಂದು ಹೇಳ್ತಾರ. ನಾ ನೆಟ್‌ವರ್ಕ್ ಬಗ್ಗೆ ಹೇಳ್ತೀನಿ, ಯಾಕಂದ್ರ ನಾ ಎಂಬತ್ತರ ದಶಕದ ಕೊನಿಗೆ ಅಲ್ಲೇ ಎಂಎಸ್ ಮಾಡ್ಲಿಕ್ಕೆ ಹೋದಾಗ ಬಿಟ್‌ನೆಟ್‌ದಾಗ ಅಕೌಂಟ್ ಇತ್ತು ನಂದು. ಊರಿಗೆ ಪತ್ರ ಹಾಕಿದ್ರ ಅಕ್ಕಲಕೋಟ ಮುಟ್ಟೂದ್ರಾಗ ತಿಂಗಳ ಆಗ್ತಿತ್ತು, ಆದ್ರ ಜರ್ಮನಿದಾಗ ಇದ್ದ ಗೆಳೆಯಗ ಮೇಲ್ ಮಾಡಿದ್ರ ಚಾ ಕುಡಿಯೂದ್ರಾಗ ಹೋಗ್ತಿತ್ತು, ಅಂಥಾ ವಿಚಿತ್ರ ಕಾಲ ಅದು.

ನೀರಿನ ಪೈಪ್ ಖರೇನ ಅದ. 3081 ನೀರಿನಿಂದ ತಂಪ್ ಮಾಡೂ ಮಶಿನ್. ಚಿಪ್‌ಗಳನ್ನ ಸೆರಾಮಿಕ್ ಹಲಗಿ ಮ್ಯಾಲ ಒತ್ತೊತ್ತಾಗಿ ಕೂಡಿಸಿ, ಹೀಲಿಯಂ ತುಂಬಿದ ಡಬ್ಬಿದಾಗ ಮುಚ್ಚಿ, ಡಬ್ಬಿ ಮ್ಯಾಲ ತಣ್ಣೀರ ಹರಿಸ್ತಿದ್ರು. ಅಂದ್ರ ಬರೇ ಕರೆಂಟ್ ಅಲ್ಲ, ಬಾಜೂಕ ಒಂದು ಚಿಲ್ಲರ್, ಪಂಪು, ಫಾಲ್ಸ್ ಫ್ಲೋರ್ ಕೆಳಗ ಪೈಪ್, ಇಷ್ಟೂ ಹಗಲು ರಾತ್ರಿ ನಡೀಬೇಕು. ಮಶಿನ್ ಚೆನ್ನಾಗಿ ಓಡ್ತಿತ್ತು ಅಂತ ಮಾವ ಹೇಳೂದೂ ಖರೇ, ಆದ್ರ ಯುನಿವರ್ಸಿಟಿ ಅದಕ್ಕ ಮೇಂಟೆನೆನ್ಸ್ ಕಾಂಟ್ರಾಕ್ಟ್ ಕಟ್ಟಬೇಕು, ಮ್ಯಾಲ ಸಾಫ್ಟ್‌ವೇರಿಗೆ ತಿಂಗಳಾ ತಿಂಗಳಾ ಬಾಡಿಗಿ. ಹೌದು, ಮೈನ್‌ಫ್ರೇಮ್ ಸಾಫ್ಟ್‌ವೇರ್ ಖರೀದಿ ಮಾಡೂದಲ್ಲ, ತಿಂಗಳ ಲೈಸೆನ್ಸ್ ಚಾರ್ಜ್. ಮಶಿನ್ ಯಾರರೆ ಪುಕ್ಕಟೆ ಕೊಟ್ರೂ ಖರ್ಚು ತಪ್ಪೂದಿಲ್ಲ. ತೊಂಬತ್ತರ ದಶಕದಾಗ ಮೇಜಿನ ಕೆಳಗ ಇಡೂವಂಥಾ ಯುನಿಕ್ಸ್ ವರ್ಕ್‌ಸ್ಟೇಷನ್ ಅಷ್ಟ ಲೆಕ್ಕ ಮಾಡ್ಲಿಕ್ಕೆ ಶುರು ಮಾಡ್ದಾಗ ಆಡಿಟ್ ಮಂದಿ ಕೇಳೇ ಕೇಳ್ತಾರಲ್ಲ.

ಇನ್ನ ವರ್ಷ ಯಾಕ ಬೇಕು ಅಂದ್ರ, ಅಲ್ಲೇ ಮಜಾ ಇರೂದು. ಬಿಟ್‌ನೆಟ್ 1981ರಾಗ ನ್ಯೂಯಾರ್ಕ್ ಸಿಟಿ ಯುನಿವರ್ಸಿಟಿ ಮತ್ತ ಯೇಲ್ ನಡುವ ಒಂದು ಲೀಸ್ ಲೈನ್ ಹಾಕಿ ಶುರು ಮಾಡಿದ್ದು. ಸ್ಪೀಡ್ ಹೆಚ್ಚಾಗಿ ಸೆಕೆಂಡಿಗೆ 9600 ಬಿಟ್. ಹೊಸಾ ಕಾಲೇಜು ಸೇರಬೇಕಂದ್ರ ಎರಡು ಕರಾರು: ಹತ್ತಿರದ ಸದಸ್ಯರ ತನಕ ಲೈನ್ ಬಾಡಿಗಿ ನೀವ ಕೊಡ್ರಿ, ನಿಮ್ಮ ನಂತರ ಇನ್ನೊಬ್ಬರು ಬಂದ್ರ ಅವ್ರಿಗೆ ನಿಮ್ಮ ಮಶಿನ್‌ದಾಗ ಒಂದು ಪೋರ್ಟ್ ಬಿಟ್ಟುಕೊಡ್ರಿ. ಇಷ್ಟ. ಹಂಗಾಗಿ ಅದು ಗಿಡದಂಗ ಟೊಂಗಿ ಟೊಂಗಿ ಬೆಳೀತು, ಒಂದು ಮಶಿನ್‌ದಿಂದ ಇನ್ನೊಂದಕ್ಕ ಹೋಗ್ಲಿಕ್ಕೆ ಇದ್ದದ್ದು ಒಂದ ದಾರಿ. ಇಂಟರ್ನೆಟ್‌ದಾಗ ಒಂದು ದಾರಿ ಬಂದಾದ್ರ ಇನ್ನೊಂದು ಹುಡುಕ್ತದ, ಬಿಟ್‌ನೆಟ್‌ದಾಗ ಹಂಗ ಇಲ್ಲ. ಮ್ಯಾಲಿನ ತ್ವಾಟದವ ಗೇಟ್ ವಾಲ್ವ್ ಬಂದ್ ಮಾಡಿದ್ರ ಕೆಳಗಿನ ತ್ವಾಟಕ್ಕ ನೀರಿಲ್ಲ, ಅಷ್ಟ. ಮಾವನ ಯುನಿವರ್ಸಿಟಿ ದೊಡ್ಡದಿದ್ರ ಅದರ ಕೆಳಗ ಎಷ್ಟು ಸಣ್ಣ ಸಣ್ಣ ಕಾಲೇಜು ಜೋತ ಬಿದ್ದಿದ್ವೋ ಏನೋ. ಅವ್ರಿಗೆಲ್ಲಾ ಬ್ಯಾರೆ ವ್ಯವಸ್ಥಾ ಆಗೂ ತನಕ ಇವ್ರು ಹ್ಯಾಂಗ ಬಂದ್ ಮಾಡ್ತಾರ?

1991ರ ಸುಮಾರಿಗೆ ಬಿಟ್‌ನೆಟ್‌ದಾಗ ಹತ್ತತ್ತಿರ 500 ಸಂಸ್ಥೆ, 3000 ನೋಡ್ (ಅಂದ್ರ ಲೈನಿಗೆ ಜೋಡಿಸಿದ ಮಶಿನ್) ಇದ್ವು. 1996ರ ಹೊತ್ತಿಗೆ ನಡೆಸೂ ಸಂಸ್ಥೆ ಇನ್ನ ಸಾಕು, ಲೈನ್ ಬಿಡ್ರಿ ಅಂತ ಹೇಳ್ತು. ಆ ಐದು ವರ್ಷದಾಗ ಎಷ್ಟು ಕಂಪ್ಯೂಟರ್ ಸೆಂಟರ್‌ದಾಗ ಇದ ಮೀಟಿಂಗ್ ನಡದಿರಬೇಕು ಲೆಕ್ಕ ಹಾಕು.

---

ಹೊಸೂರು_ತಾತ

ಅಕ್ಕಲಕೋಟದವರು ಚೆನ್ನಾಗಿ ಹೇಳಿದ್ರು. ನಾನು ನೆಟ್‌ವರ್ಕ್ ಕಾಲದೋನಲ್ಲ, ಅದಕ್ಕೂ ಹಿಂದಿನೋನು. ಮದ್ರಾಸ್ ಐಐಟಿಗೆ 1973ರಲ್ಲಿ ಪಶ್ಚಿಮ ಜರ್ಮನಿಯವರ ನೆರವಿನಲ್ಲಿ ಐಬಿಎಂ 370/155 ಬಂತು, ನಾವು ಅದರ ಮುಂದೆ ಕ್ಯೂ ನಿಂತ ಬ್ಯಾಚು. ಮುಂದೆ ಅಂದ್ರೆ ಕಿಟಕಿ ಮುಂದೆ. ಮಿಷನ್ ಮುಟ್ಟೋಕೆ ನಮಗೆಲ್ಲ ಯಾರು ಬಿಡ್ತಾರೆ. ಪ್ರೋಗ್ರಾಂನ ಸಾಲಿಗೊಂದರಂತೆ ತೂತು ಹೊಡೆದ, ಅಂದ್ರೆ ಪಂಚ್ ಮಾಡಿದ ಕಾರ್ಡುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಕೌಂಟರಲ್ಲಿ ಕೊಟ್ಟು ಬರೋದು, ನಾಳೆ ಹೋದ್ರೆ ಪ್ರಿಂಟೌಟು, ಅದರಲ್ಲಿ ಒಂದು ಕಾಮಾ ತಪ್ಪಿದೆ ಅಂತ ಎರಡು ಸಾಲು. ಕಾರ್ಡ್ ಕಟ್ಟಿನ ಮೇಲಂಚಿನಲ್ಲಿ ಸ್ಕೆಚ್ ಪೆನ್ನಲ್ಲಿ ಮೂಲೆಯಿಂದ ಮೂಲೆಗೆ ಓರೆಯಾಗಿ ಒಂದು ಗೆರೆ ಎಳೀತಿದ್ವಿ, ಕೈ ಜಾರಿ ಕಟ್ಟು ಚೆಲ್ಲಾಪಿಲ್ಲಿ ಆದ್ರೆ ಗೆರೆ ಕೂಡೋ ಹಾಗೆ ಜೋಡಿಸಿದ್ರೆ ಸಾಕು, ಪ್ರೋಗ್ರಾಂ ಮತ್ತೆ ಸಾಲಾಗಿ ನಿಲ್ತಿತ್ತು.

ಇದನ್ನ ಯಾಕೆ ಹೇಳ್ದೆ ಅಂದ್ರೆ ಆ ಕಾರ್ಡು ನಿಮ್ಮ ಮಾವನ ಮೇಲ್ ಒಳಗೂ ಕೂತಿದೆ. ಐಬಿಎಂ ಮಿಷನ್‌ಗಳು ಕಾರ್ಡ್ ರೀಡರ್, ಪ್ರಿಂಟರ್ ಕೆಲಸಾನ ಒಂದರಿಂದ ಇನ್ನೊಂದಕ್ಕೆ ಕಳಿಸೋ ಪದ್ಧತಿ ಮೇಲೇನೇ ಬಿಟ್‌ನೆಟ್ ಕಟ್ಟಿದ್ದು. ವಿಎಂ ಅನ್ನೋ ಸಿಸ್ಟಮ್‌ನಲ್ಲಿ ಪ್ರತಿ ಬಳಕೆದಾರನಿಗೂ ಒಂದು ಸುಳ್ಳು ಮಿಷನ್ನೇ ಕೊಡ್ತಿದ್ರು, ಅದಕ್ಕೊಂದು ಸುಳ್ಳು ಕಾರ್ಡ್ ರೀಡರ್, ಒಂದು ಸುಳ್ಳು ಪಂಚ್. ನೀವು ಮೇಲ್ ಕಳಿಸಿದ್ರೆ ಅದು ನಿಮ್ಮ ಪಂಚ್‌ನಿಂದ ಹೊರಟು ಎಂಬತ್ತು ಅಕ್ಷರದ ಕಾರ್ಡುಗಳ ರೂಪದಲ್ಲಿ ಲೈನ್ ಮೇಲೆ ಹೋಗಿ ಇನ್ನೊಬ್ಬನ ರೀಡರ್‌ಗೆ ಬೀಳ್ತಿತ್ತು. ನಿಜವಾದ ಒಂದು ಕಾರ್ಡೂ ಆ ಕಟ್ಟಡದಲ್ಲಿ ಇಲ್ಲದ ಕಾಲಕ್ಕೂ! ನಡುವೆ ಇರೋ ಪ್ರತಿ ಮಿಷನ್ನೂ ಇಡೀ ಫೈಲನ್ನ ತಗೊಂಡು ಡಿಸ್ಕಲ್ಲಿ ಇಟ್ಕೊಂಡು ಆಮೇಲೆ ಮುಂದಕ್ಕೆ ಸಾಗಹಾಕೋದು. ದೊಡ್ಡ ಫೈಲ್ ಒಂದು ಲೈನಲ್ಲಿ ಕೂತ್ರೆ ಹಿಂದಿನೋವೆಲ್ಲ ಕಾಯ್ಬೇಕು. ಹೋಗ್ಬೇಕಾದ ದಾರಿಯಲ್ಲಿ ಒಂದು ಮಿಷನ್ ನಿದ್ದೆ ಹೋಗಿದ್ರೆ ನಿಮ್ಮ ಮೇಲ್ ಅದರ ಹಿಂದಿನ ಊರಲ್ಲಿ ಠಿಕಾಣಿ ಹೂಡಿರೋದು.

ಇನ್ನೊಂದು ಮಾತು. ಸ್ವಿಚ್ ಆಫ್ ಮಾಡೋಕೆ ಯಾಕೆ ವರ್ಷ ಅಂದ್ರಲ್ಲ, ಆಫ್ ಮಾಡೋ ಸ್ವಿಚ್ ಏನೋ ಇತ್ತು. 360, 370ರ ಕಾಲದ ಪ್ಯಾನೆಲ್ ಮೇಲೆ ಮೂಲೆಯಲ್ಲಿ ಒಂದು ಕೆಂಪು ಗುಬುಟು, ಎಮರ್ಜೆನ್ಸಿ ಪುಲ್ ಅಂತ ಬರೆದಿರೋದು. ಬೆಂಕಿ ಹತ್ತಿದ್ರೆ ಮಾತ್ರ ಎಳೀಬೇಕು. ಎಳೆದ್ರೆ ತಕ್ಷಣ ಎಲ್ಲ ಬಂದ್, ಮತ್ತೆ ಒಳಗೆ ತಳ್ಳಿದ್ರೆ ಹೋಗಲ್ಲ, ಸರ್ವೀಸ್ ಇಂಜಿನಿಯರ್ ಬಂದು ಪ್ಯಾನೆಲ್ ಬಿಚ್ಚಿ ಸರಿ ಮಾಡ್ಬೇಕು. ಪ್ರತಿಯೊಬ್ಬ ಆಪರೇಟರ್‌ಗೂ ಅದನ್ನ ಎಳೆಯೋ ಆಸೆ ಇರ್ತಿತ್ತು ಅಂತ ಕೇಳಿದೀನಿ, ನಿಮ್ಮ ಮಾವನನ್ನೂ ಕೇಳಿ ನೋಡಿ.

---

ಗಡಿನಾಡ_ಗುಜರಿ

ಒಂದು ಟೇಪಿಗೆ ಇಷ್ಟೆಲ್ಲ ಪುರಾಣ ಯಾಕೆ ಸಾ. ಮಾವನ ಹಳೇ ಮೇಲ್‌ನಲ್ಲಿ ಎಂತ ಇರ್ತದೆ, "ಹೇಗಿದ್ದೀ, ಇಲ್ಲಿ ಹಿಮ ಬೀಳ್ತಾ ಉಂಟು" ಅಷ್ಟೇ ಅಲ್ವಾ. ನಮ್ಮ ಜಾಗೆಯಲ್ಲಿ ತಾಳೆಗರಿ ಗ್ರಂಥವೇ ಗೆದ್ದಲು ತಿಂತಾ ಉಂಟು, ಅದನ್ನು ಕೇಳುವವರಿಲ್ಲ.

---

ಮಂಜೇಶ್ವರದ_ಅಕ್ಕ

ಗುಜರಿಯವರೇ, ತಾಳೆಗರಿಯ ಬಗ್ಗೆ ನಿಮ್ಮ ಬೇಜಾರು ಸರಿಯೇ, ಆದ್ರೆ ಅದನ್ನು ಓದ್ಲಿಕ್ಕೆ ಕಣ್ಣು ಸಾಕು. ಟೇಪಿಗೆ ಅದು ಹೊಂದುವ ಡ್ರೈವ್ ಬೇಕು, ಡ್ರೈವ್ ಇರುವಲ್ಲಿಗೆ ಹೋಗುವವರೆಗೆ ಟೇಪು ಉಳೀಬೇಕು. ಹಿಮ ಬಿದ್ದ ಸುದ್ದಿಯೇ ಇರ್ಲಿ ಅದ್ರಲ್ಲಿ, ಆಗ ಊರು ಬಿಟ್ಟು ಹೋದ ನಮ್ಮವರು ಒಬ್ಬರಿಗೊಬ್ಬರು ಎಂತ ಬರೀತಿದ್ರು ಅಂತ ಬೇರೆ ಎಲ್ಲಿ ಸಿಕ್ತದೆ? ಕಾಗದ ಬರೆದವರ ಮನೆಯಲ್ಲಿ ಕಟ್ಟು ಕಟ್ಟಿ ಇಟ್ಟದ್ದು ಉಂಟು, ಮೇಲ್ ಬರೆದವರದ್ದು ಮಿಶನ್ ಜೊತೆಗೇ ಹೋಯ್ತು.

ನಾನು ಲೈಬ್ರೆರಿಯಲ್ಲಿ ಇದ್ದು ಹಳೇ ಕ್ಯಾಸೆಟ್, ರೀಲ್ ಟೇಪ್ ಡಿಜಿಟಲ್ ಮಾಡಿಸುವ ಕೆಲಸ ನೋಡಿದವಳು. ಪೆರ್ಲದ ತಮ್ಮ, ಡ್ರೈಯರಿಗೆ ಮಾತ್ರ ಹಾಕ್ಬೇಡ. ಟೇಪನ್ನು ಬಿಸಿ ಮಾಡುವ ಕ್ರಮ ಉಂಟು, ಸುಳ್ಳಲ್ಲ, ಯಾಕಂದ್ರೆ ಎಪ್ಪತ್ತು ಎಂಬತ್ತರ ಕೆಲವು ಟೇಪುಗಳಲ್ಲಿ ಕಾಂತದ ಪುಡಿಯನ್ನು ಹಿಡ್ಕೊಳ್ಳುವ ಅಂಟು ಗಾಳಿಯ ತೇವ ಎಳ್ಕೊಂಡು ಮೆತ್ತಗಾಗ್ತದೆ, ಓಡಿಸಿದ್ರೆ ಡ್ರೈವಿನ ಹೆಡ್ಡಿಗೆ ಅಂಟಿ ಪುಡಿ ಕಿತ್ತು ಬರ್ತದೆ. ಅಂಥದ್ದನ್ನು 50 ಡಿಗ್ರಿ ಆಸುಪಾಸಿನಲ್ಲಿ, ಬಿಸಿ ಏರಿಳಿಯದ ಹಾಗೆ ಗಂಟೆಗಟ್ಲೆ ಇಟ್ಟು, ನಿಧಾನ ತಣಿಸಿ, ತಡ ಮಾಡದೆ ಓದಿ ಮುಗಿಸ್ತಾರೆ. ಆದ್ರೆ ಅದು ಓದುವ ಮಿಶನ್ ಎದುರಿಗೇ ಇರುವವರು ಮಾಡುವ ಕೆಲಸ. ಕೊಬ್ಬರಿ ಡ್ರೈಯರಲ್ಲಿ ಒಂದು ಮೂಲೆ ಒಂದು ಬಿಸಿ, ಇನ್ನೊಂದು ಮೂಲೆ ಇನ್ನೊಂದು, ಮೇಲಿಂದ ಎಣ್ಣೆ ಜಿಡ್ಡು. ಸುರುಳಿ ಸೊಟ್ಟ ಆಯ್ತು ಅಂದ್ರೆ ಮತ್ತೆ ದೇವರೇ ಗತಿ.

ಬೂಸ್ಟು ಇದ್ರೆ ಅದನ್ನು ಬಿಚ್ಚಿ ಉಜ್ಜಲಿಕ್ಕೂ ಹೋಗ್ಬೇಡ, ಬೂಸ್ಟಿನ ಧೂಳು ಮೂಗಿಗೂ ಒಳ್ಳೇದಲ್ಲ. ನಮ್ಮ ಆಟಿ ತಿಂಗಳ ಮಳೆ ಎಷ್ಟು ತೇವ ಅಂತ ನಾನು ಹೇಳ್ಬೇಕಾ, ಚಪ್ಪಲಿ ಬೆಲ್ಟು ಸಹ ಬಿಳಿ ಆಗ್ತದೆ. ಅಟ್ಟದಿಂದ ಇಳಿಸಿ, ಮಳೆ ಇಲ್ಲದ ದಿನ ಗಾಳಿ ಆಡುವ ಒಣ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿ ಇಡು, ಮಲಗಿಸ್ಬೇಡ, ಸುತ್ತುಗಳು ಜಾರ್ತವೆ. ಬಿಸಿಲಿಗೆ ಬೇಡ. ಚೆನ್ನಾಗಿ ಒಣಗಿದ ಮೇಲೆ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಗೆ ಹಾಕು. ತೇವ ಇರುವಾಗಲೇ ಪ್ಲಾಸ್ಟಿಕ್ ಸುತ್ತಿದ್ರೆ ಬೂಸ್ಟಿಗೆ ನೀನೇ ಮನೆ ಕಟ್ಟಿಕೊಟ್ಟ ಹಾಗೆ. ಸ್ಪೀಕರ್ ಹತ್ರ, ಮೋಟರ್ ಹತ್ರ ಇಡ್ಬೇಡ.

ಹಿಂದಿನ ಮುಖ ನೋಡು, ನಡುವಿನ ತೂತಿನ ಸುತ್ತ ಒಂದು ದುಂಡಗಿನ ತೋಡು ಉಂಟಾ, ಅದರಲ್ಲಿ ಪ್ಲಾಸ್ಟಿಕ್ ರಿಂಗ್ ಕೂತಿದೆಯಾ? ಇದ್ರೆ ತೆಗೆದು ಬೇರೆ ಇಡು. ರಿಂಗ್ ಇದ್ರೆ ಮಾತ್ರ ಡ್ರೈವ್ ಅದರ ಮೇಲೆ ಬರೀತದೆ, ಇಲ್ಲದಿದ್ರೆ ಬರಿಯುದಿಲ್ಲ. ಓದ್ಲಿಕ್ಕೆ ಕೊಟ್ಟವರ ಕೈಯಲ್ಲಿ ಅಳಿಸಿ ಹೋಗುವ ಹೆದರಿಕೆ ಅಷ್ಟಾದ್ರೂ ತಪ್ಪುತ್ತದೆ.

---

ಪೆರ್ಲದ_ಹುಡುಗ

ಅಕ್ಕ ಡ್ರೈಯರ್ ಕ್ಯಾನ್ಸಲ್ 🙏 ರಿಂಗ್ ಇರ್ಲಿಲ್ಲ, ಮಾವ ಆಗಲೇ ತೆಗ್ದಿದ್ದಾರಂತೆ, "ಅಷ್ಟು ಗೊತ್ತಿಲ್ಲದೆ ಅಲ್ಲಿ ಸಂಬಳ ಕೊಡ್ತಿದ್ರಾ" ಅಂತ ಕೇಳಿದ್ರು.

ನಿಮ್ಮ ಉತ್ತರ ಎಲ್ಲ ಅವರಿಗೆ ಓದಿ ಹೇಳಿದೆ. ಮೊದ್ಲು ಅರ್ಥ ಆಗ್ಲಿಕ್ಕಿಲ್ಲ ಅಂದವರು ಗೇಟ್ ವಾಲ್ವ್ ಮಾತು ಕೇಳಿದ್ದೇ ಕುರ್ಚಿ ಎಳೆದು ಕೂತ್ರು, ರಾತ್ರಿ ಊಟ ತಣ್ಣಗಾಗುವವರೆಗೆ ಮಾತಾಡಿದ್ರು. ನಾನು ಫೋನಲ್ಲಿ ರೆಕಾರ್ಡ್ ಮಾಡಿದ್ದನ್ನು ಇಲ್ಲಿ ಹಾಕ್ತಾ ಇದ್ದೇನೆ, ತಪ್ಪಿದ್ರೆ ಹೇಳಿ. ಮೊದ್ಲು ಹೊಸ ಅಕೌಂಟ್ ಕೊಡುದು ನಿಲ್ಲಿಸಿದ್ರಂತೆ. ಅದಕ್ಕೆ ಯಾರೂ ಗಲಾಟೆ ಮಾಡ್ಲಿಲ್ಲ. ಮತ್ತೆ ಇದ್ದವರಿಗೆಲ್ಲ ನೋಟಿಸು, ನಿಮ್ಮ ಫೈಲ್ ತೆಗೆದುಕೊಂಡು ಹೋಗಿ ಅಂತ. ಹುಡುಗರು ಕರ್ಮಿಟ್ ಅಂತ ಒಂದು ಪ್ರೋಗ್ರಾಂ ಹಾಕಿ ಫ್ಲಾಪಿಗೆ ಇಳಿಸಿಕೊಂಡು ಹೋದ್ರು, ಪ್ರೊಫೆಸರುಗಳು ಮಾತ್ರ ಬರ್ಲೇ ಇಲ್ಲ, ನೋಟಿಸು ಓದುದೇ ಇಲ್ಲ, ಒಬ್ಬರಂತೂ ನನ್ನ ಪುಸ್ತಕ ಮುಗಿಯುವವರೆಗೆ ಮಿಶನ್ ನಿಲ್ಲಿಸ್ಬಾರ್ದು ಅಂತ ಡೀನ್‌ಗೆ ಕಾಗದ ಬರೆದ್ರಂತೆ. ಪಕ್ಕದ ಒಂದು ಸಣ್ಣ ಕಾಲೇಜಿಗೆ ಇವರ ಮಿಶನಿನಿಂದಲೇ ಲೈನ್ ಹೋಗ್ತಿತ್ತು, ಅವರಿಗೆ ಇಂಟರ್ನೆಟ್ ಲೈನ್ ಹಾಕ್ಲಿಕ್ಕೆ ದುಡ್ಡು ಸಿಗುವವರೆಗೆ ಕಾಯ್ಬೇಕಾಯ್ತು, ಅಕ್ಕಲಕೋಟದ ಅಣ್ಣ ಹೇಳಿದ್ದು ಕರೆಕ್ಟ್.

ಟೇಪ್ ರೂಮಿನಲ್ಲಿ ಗೋಡೆಯಿಂದ ಗೋಡೆಗೆ ಟೇಪು ನೇತು ಹಾಕಿತ್ತಂತೆ. ಪ್ರತಿಯೊಂದರ ಧಣಿ ಯಾರು ಅಂತ ಪುಸ್ತಕ ನೋಡಿ ಪತ್ರ ಹಾಕಬೇಕು, ಕೆಲವು ಧಣಿಗಳು ಕೆಲಸ ಬಿಟ್ಟಿದ್ರು, ಕೆಲವರು ಸತ್ತೇ ಹೋಗಿದ್ರು. ಯಾರೂ ಕೇಳದ್ದನ್ನು ಡಿಗಾಸ್ ಮಾಡಿ, ಅಂದ್ರೆ ಕಾಂತದಿಂದ ಅಳಿಸಿ, ಲಾರಿಗೆ ತುಂಬಿದ್ರು. ಮಾವನ ಟೇಪ್ ಹೀಗೆ ಉಳಿದದ್ದು, ಅವರದ್ದೇ ಅಕೌಂಟಿನದ್ದು, ಮ್ಯಾನೇಜರ್ ಸಹಿ ಹಾಕಿ ಕೊಟ್ಟಿದ್ದಾರೆ, ಚೀಟಿ ಸಹ ಉಂಟು. ಸಂಬಳ, ಮಾರ್ಕ್ಸ್ ಇಂಥಾ ಆಫೀಸ್ ಕೆಲಸ ಎಲ್ಲಕ್ಕಿಂತ ಕಡೆಗೆ ಹೋಯ್ತು.

ಕೊನೇ ದಿನ ಶಟ್‌ಡೌನ್ ಅಂತ ಒಂದು ಕಮಾಂಡ್ ಹೊಡೆದ್ರು, ಅಷ್ಟೇ, ಒಂದು ನಿಮಿಷದ ಕೆಲಸ. ಅದರ ನಂತರ ನೀರು ಬಸಿಯುದಕ್ಕೇ ಹೆಚ್ಚು ಹೊತ್ತು ಹಿಡೀತು ಅಂತಾರೆ. ನೆಲದ ಚೌಕ ಎತ್ತಿದ್ರೆ ಕೆಳಗೆ ಹೆಬ್ಬೆರಳು ದಪ್ಪದ ಕೇಬಲ್, ಒಂದರ ಮೇಲೆ ಒಂದು, ಯಾವುದು ಎಲ್ಲಿಗೆ ಹೋಗ್ತದೆ ಅಂತ ಯಾರಿಗೂ ಗೊತ್ತಿಲ್ಲ, ಹದಿನೈದು ಇಪ್ಪತ್ತು ವರ್ಷದಿಂದ ಹಾಕಿದ್ದೇ ಹೊರತು ತೆಗೆದದ್ದಿಲ್ಲ. ಕಡೆಗೆ ಕತ್ತರಿಸಿ ತೆಗೆದ್ರು. ಮಿಶನ್ ತಕೊಂಡು ಹೋದವನಿಗೆ ಬೇಕಾದ್ದು ಒಳಗಿನ ಚಿನ್ನ ಮಾತ್ರ ಅಂತ ಮಾವನಿಗೆ ಈಗಲೂ ಸಿಟ್ಟು. ಹೊಸೂರು ತಾತನ ಕೆಂಪು ಗುಬುಟಿನ ಬಗ್ಗೆ ಕೇಳಿದೆ, ನಗಾಡಿದ್ರು, ಉತ್ತರ ಕೊಡ್ಲಿಲ್ಲ.

ನಂಗೆ ಈಗ ಒಂದು ಡೌಟು. ಮಾವನ ಹಳೇ ವಿಸಿಟಿಂಗ್ ಕಾರ್ಡಿನಲ್ಲಿ ಮೇಲ್ ಅಡ್ರೆಸ್ ಕಡೆಗೆ ಡಾಟ್ ಬಿಟ್‌ನೆಟ್ ಅಂತ ಉಂಟು. ಡಾಟ್ ಕಾಮ್ ಹಾಗೆ ಅದೂ ಇತ್ತಾ? ಮತ್ತೆ ಆಗ ಇಂಡಿಯಾಕ್ಕೆ ಮೇಲ್ ಮಾಡ್ಲಿಕ್ಕೆ ಆಗ್ತಿತ್ತಾ?

---

ಅಕ್ಕಲಕೋಟ_ಮಂದಿ

ಮಾವನ ಹೇಳಿಕಿ ಓದಿ ಭಾಳ ಖುಷಿ ಆತು. ಅದನ್ನ ಹಂಗ ಸಂಚಿಕಿಗೆ ಹಾಕು, ನೀ ಏನೂ ತಿದ್ದಬ್ಯಾಡ.

ಡಾಟ್ ಬಿಟ್‌ನೆಟ್ ಅನ್ನೂದು ಖರೇ ಡೊಮೇನ್ ಅಲ್ಲ, ಹೆಸರಿಗಷ್ಟ. ಇಂಟರ್ನೆಟ್‌ನ ಹೆಸರಿನ ಪಟ್ಟಿದಾಗ ಅದು ಯಾವತ್ತೂ ಇದ್ದಿಲ್ಲ. ಬಿಟ್‌ನೆಟ್ ಮತ್ತ ಇಂಟರ್ನೆಟ್ ಎರಡರಾಗೂ ಕಾಲಿಟ್ಟ ಕೆಲವು ಮಶಿನ್ ಇದ್ವು, ಅವಕ್ಕ ಗೇಟ್‌ವೇ ಅಂತಿದ್ವಿ, ನ್ಯೂಯಾರ್ಕ್ ಸಿಟಿ ಯುನಿವರ್ಸಿಟಿದ್ದು ಭಾಳ ಪ್ರಸಿದ್ಧ. ಹೊರಗಿನವ್ರು ಬಿಟ್‌ನೆಟ್ ಮಂದಿಗೆ ಬರೀಬೇಕಂದ್ರ ಹೆಸರು, ನಡುವ ಪರ್ಸೆಂಟ್ ಚಿಹ್ನಿ, ನೋಡ್ ಹೆಸರು, ಆಮ್ಯಾಲ ಆ ಗೇಟ್‌ವೇ ಅಡ್ರೆಸ್ ಹಿಂಗ ಉದ್ದಕ ಬರೀಬೇಕಿತ್ತು. ನೋಡ್ ಹೆಸರು ಎಂಟು ಅಕ್ಷರ ಮೀರೂವಂಗಿಲ್ಲ. ಗೇಟ್‌ವೇ ಬಂದ್ ಆದ ದಿನ ಆ ಅಡ್ರೆಸ್ ಎಲ್ಲಾ ಸತ್ತಂಗ. ಆ ಕಾಲದ ಪೇಪರ್‌ಗಳ ಕೆಳಗ ಪ್ರೊಫೆಸರ್ ಅಡ್ರೆಸ್ ಅಚ್ಚಾಗಿರ್ತದ, ಇವತ್ತು ಅದಕ್ಕ ಮೇಲ್ ಮಾಡಿದ್ರ ಜಗತ್ತಿನ ಯಾವ ಸರ್ವರಿಗೂ ಅದು ಎಲ್ಲೈತಿ ಅಂತ ಗೊತ್ತಾಗೂದಿಲ್ಲ.

ಮಶಿನ್ ಹೋದ್ರೂ ಉಳದದ್ದೂ ಅದ. ಲಿಸ್ಟ್‌ಸರ್ವ್, 1986ರಾಗ ಎರಿಕ್ ಥಾಮಸ್ ಅನ್ನೋ ಪ್ಯಾರಿಸ್ ವಿದ್ಯಾರ್ಥಿ ಬಿಟ್‌ನೆಟ್ ಸಲುವಾಗಿ ಬರದದ್ದು, ಒಂದು ಅಡ್ರೆಸಿಗೆ ಕಳಿಸಿದ್ರ ಸೇರಿದವ್ರಿಗೆಲ್ಲಾ ಹೋಗೂದು. ಮೈನ್‌ಫ್ರೇಮ್ ಬಂದ್ ಮಾಡೂ ಮುಂದ ಅದನ್ನ ಬ್ಯಾರೆ ಕಡೆ ಎತ್ತಿ ಇಟ್ರು, ಇವತ್ತಿಗೂ ನಡದದ. ಹಿಂಗ ಒಂದು ಕಿಡಗೇಡಿತನಾನೂ ಇಲ್ಲೇ ಶುರು ಆತು. 1987ರ ಡಿಸೆಂಬರ್‌ದಾಗ ಜರ್ಮನಿಯ ಕ್ಲಾಸ್ತಾಲ್ ಯುನಿವರ್ಸಿಟಿ ಹುಡುಗ ಒಬ್ಬ ಕ್ರಿಸ್ಮಸ್ ಗಿಡದ ಚಿತ್ರ ತೋರಿಸೂ ಒಂದು ಪ್ರೋಗ್ರಾಂ ಬಿಟ್ಟ. ಅದನ್ನ ಓಡಿಸಿದ್ರ ಪರದೆ ಮ್ಯಾಲ ಗಿಡ ಬರ್ತಿತ್ತು, ಹಿಂದಿಂದ ನಿಮ್ಮ ಅಡ್ರೆಸ್ ಪುಸ್ತಕದಾಗ ಇದ್ದವ್ರಿಗೆಲ್ಲಾ ತನ್ನ ಪ್ರತಿ ಕಳಿಸ್ತಿತ್ತು. ಯುರೋಪಿನ ಅರ್ನ್ ಅನ್ನೂ ನೆಟ್‌ವರ್ಕ್, ಬಿಟ್‌ನೆಟ್, ಕಡೀಕ ಐಬಿಎಂ ಕಂಪನಿ ಒಳಗಿನ ನೆಟ್‌ವರ್ಕ್ ತನಕ ಹೋಗಿ ಲೈನ್ ಜಾಮ್ ಮಾಡಿತು. ಮಾವ ಆ ವಾರ ಡ್ಯೂಟಿದಾಗ ಇದ್ರ ಕೇಳ್ಬೇಕು ನೀ.

ಇಂಡಿಯಾದ್ದು ಬ್ಯಾರೆ ಕತಿ. ನಮ್ಮಲ್ಲೆ ಅರ್ನೆಟ್ ಅನ್ನೂ ಶಿಕ್ಷಣ-ಸಂಶೋಧನಾ ನೆಟ್‌ವರ್ಕ್ 1986ರಾಗ ಶುರು, ಎಲೆಕ್ಟ್ರಾನಿಕ್ಸ್ ಇಲಾಖೆ ಮತ್ತ ವಿಶ್ವಸಂಸ್ಥೆಯ ಯುಎನ್‌ಡಿಪಿ ರೊಕ್ಕ. ಎಂಟು ಕಡೆ: ಮುಂಬೈನ ಎನ್‌ಸಿಎಸ್‌ಟಿ ಅನ್ನೂ ಸಾಫ್ಟ್‌ವೇರ್ ಸಂಶೋಧನಾ ಕೇಂದ್ರ, ಬೆಂಗಳೂರಿನ ಐಐಎಸ್ಸಿ, ಐದು ಐಐಟಿ, ದಿಲ್ಲಿಯ ಇಲಾಖೆ. ಅವ್ರು ಯುನಿಕ್ಸ್ ಹಿಡದ್ರು, ಮೊದಮೊದಲಿಗೆ ಯುಯುಸಿಪಿ ಅಂತ, ಮೋಡೆಮ್‌ದಿಂದ ಫೋನ್ ಹಚ್ಚಿ ಮೇಲ್ ಚೀಲ ಬದಲಿ ಮಾಡಿಕೊಳ್ಳೂ ಪದ್ಧತಿ. ಹಂಗಾಗಿ ನಮ್ಮಲ್ಲೆ ಮೈನ್‌ಫ್ರೇಮ್ ಹೋಗೂದಕ್ಕೂ ನೆಟ್‌ವರ್ಕಿಗೂ ಅಲ್ಲಿನಷ್ಟು ಗಂಟು ಬಿದ್ದಿದ್ದಿಲ್ಲ. ಸಾಮಾನ್ಯ ಮಂದಿಗೆ ವಿಎಸ್‌ಎನ್‌ಎಲ್ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ಕ್ಕ, ಆ ಹೊತ್ತಿಗೆ ಅಲ್ಲೆ ಬಿಟ್‌ನೆಟ್ ಗಂಟುಮೂಟಿ ಕಟ್ಟಲಿಕ್ಕೆ ಹತ್ತಿತ್ತು.

---

ಹೊಸೂರು_ತಾತ

ಗುಬುಟಿನ ಪ್ರಶ್ನೆಗೆ ನಗಾಡಿದ್ರು ಅಂದ್ರೆ ಎಳೆದಿದ್ದಾರೆ ಅಂತ್ಲೇ ಅರ್ಥ 😄

ಎಲ್ಲ ಮಿಷನ್ನೂ ಚಿನ್ನದ ಗುಜರಿಗೆ ಹೋಗಲಿಲ್ಲ, ಇದನ್ನ ಮಾವನಿಗೆ ಹೇಳಿ, ಸ್ವಲ್ಪ ಸಮಾಧಾನ ಆಗ್ಲಿ. ಅಮೆರಿಕದ ಪರ್ಡ್ಯೂ ಯುನಿವರ್ಸಿಟಿಯಲ್ಲಿ ಓಡ್ತಿದ್ದ ಸಿಡಿಸಿ 6500 ಅನ್ನೋ ಮೈನ್‌ಫ್ರೇಮ್ ನಿವೃತ್ತಿ ಆಗಿ ಎಷ್ಟೋ ವರ್ಷ ಆದ್ಮೇಲೆ ಸಿಯಾಟಲ್‌ನ ಲಿವಿಂಗ್ ಕಂಪ್ಯೂಟರ್ಸ್ ಮ್ಯೂಸಿಯಂನವರು ಅದನ್ನ ತಂದು ಮತ್ತೆ ಓಡಿಸಿದ್ರು. ಆಮೇಲೆ 2020ರಲ್ಲಿ ಆ ಮ್ಯೂಸಿಯಂಗೇ ಬೀಗ ಬಿತ್ತು, ಅದು ಬೇರೆ ಮಾತು. ಅರ್ಪಾನೆಟ್ ಅನ್ನೋ ಇನ್ನೂ ಹಳೇ ನೆಟ್‌ವರ್ಕಿನ ಮೊದಲ ಐಎಂಪಿ, ಅಂದ್ರೆ ಮಿಷನ್‌ಗಳನ್ನ ನೆಟ್‌ವರ್ಕಿಗೆ ಜೋಡಿಸೋ ಪೆಟ್ಟಿಗೆ, ಫ್ರಿಜ್ ಗಾತ್ರದ್ದು, 1969ರದ್ದು, ಅದನ್ನ ಲಾಸ್ ಏಂಜಲೀಸ್‌ನ ಯುಸಿಎಲ್‌ಎಯಲ್ಲಿ ಲೆನರ್ಡ್ ಕ್ಲೈನ್‌ರಾಕ್ ಅನ್ನೋ ಪ್ರೊಫೆಸರ್ ಉಳಿಸಿದ್ರು, ಈಗ್ಲೂ ಅದೇ ಕಟ್ಟಡದಲ್ಲಿದೆ. ಇನ್ನು ಸ್ಟ್ಯಾನ್‌ಫರ್ಡ್‌ನ ಎಐ ಲ್ಯಾಬ್‌ನ ಸೇಲ್ ಅನ್ನೋ ಮಿಷನ್ 1991ರಲ್ಲಿ ನಿಲ್ಲೋ ಮುಂಚೆ ತಾನೇ ಮಾತಾಡೋ ಹಾಗೆ ಆತ್ಮಕತೆ ಬರೆಸಿ ಎಲ್ರಿಗೂ ಮೇಲ್ ಕಳಿಸಿತ್ತು. ಇಪ್ಪತ್ತೈದು ವರ್ಷ ದುಡಿದಿದ್ದಕ್ಕೆ ಒಂದು ಮರ್ಯಾದೆ ಅಂತ ನಂಗನ್ಸುತ್ತೆ. ನಮ್ಮ ಕಡೆ ಹಳೇ ಮಿಷನ್ ಹೋಗಿದ್ದು ಗೊತ್ತಾಗೋದು ಟೆಂಡರ್ ನೋಟಿಸ್ ಬೋರ್ಡಲ್ಲಿ ಕಂಡಾಗ.

---

ಮಂಜೇಶ್ವರದ_ಅಕ್ಕ

ತಮ್ಮ, ಟೇಪು ಒಣಗುವಷ್ಟರಲ್ಲಿ ಮಾವನ ಹತ್ರ ಇನ್ನೂ ಕೆಲವು ಕೇಳಿಡು, ಓದುವವರು ನಿನ್ನನ್ನು ಅದನ್ನೇ ಕೇಳುದು. ಯಾವ ಸಿಸ್ಟಮಿನಿಂದ, ಯಾವ ಕಮಾಂಡಿನಿಂದ ಟೇಪಿಗೆ ಇಳಿಸಿದ್ದು? ವಿಎಂನ ಟೇಪ್ ಡಂಪ್ ಅಂದ್ರೆ ಒಂದು ರೀತಿ, ಸ್ಟ್ಯಾಂಡರ್ಡ್ ಲೇಬಲ್ ಹಾಕಿದ್ರೆ ಇನ್ನೊಂದು ರೀತಿ, ಆಗ ಮೊದಲ ದಾಖಲೆಯಲ್ಲೇ ವಿಒಎಲ್1 ಅಂತ ಬರೆದು ಟೇಪಿನ ಆರಕ್ಷರದ ಹೆಸರು ಇರ್ತದೆ. ಮತ್ತೆ ಅಕ್ಷರಕ್ಕೆ ಸಂಖ್ಯೆ ಕೊಡುವ ಪಟ್ಟಿ ಅದರೊಳಗೆ ನಮ್ಮ ಆಸ್ಕಿ ಅಲ್ಲ, ಐಬಿಎಂನ ಎಬ್ಸಿಡಿಕ್. ಹದಿನಾರರ ಲೆಕ್ಕದಲ್ಲಿ ಬರೆದ್ರೆ ನಮ್ಮಲ್ಲಿ ಎ ಅಂದ್ರೆ 41, ಅದರಲ್ಲಿ ಸಿ1, ಐ ಅಕ್ಷರದ ನಂತರ ಜೆ ಬರುವ ಮೊದಲು ನಡುವೆ ಖಾಲಿ ಬೇರೆ. ಬದಲಾಯಿಸುದು ಕಷ್ಟ ಅಲ್ಲ, ಆದ್ರೆ ಚೌಕ ಬ್ರಾಕೆಟ್‌ನಂಥದ್ದು ತಪ್ಪಿ ಬರ್ತದೆ, ಅದು ಟೇಪು ಹಾಳಾದ್ದು ಅಂತ ಹೆದರ್ಬೇಡ.

ಒಂದು ಲೆಕ್ಕ ಹೇಳ್ತೇನೆ, ಆಸೆ ಮಿತಿಯಲ್ಲಿರ್ಲಿ. 2400 ಅಡಿಯ ಪೂರ್ತಿ ಟೇಪಿಗೆ 1600 ಬಿಪಿಐನಲ್ಲಿ, ಅಂದ್ರೆ ಇಂಚಿಗೆ 1600 ಅಕ್ಷರದ ಹಾಗೆ, ಸಂದು ಬಿಡದೆ ಬರೆದ್ರೆ 46 ಎಂಬಿ ಹಿಡಿದೀತು. ಆದ್ರೆ ಪ್ರತಿ ಬ್ಲಾಕಿನ ನಂತರ 0.6 ಇಂಚು ಖಾಲಿ ಬಿಡ್ಬೇಕು. ಯಾರಾದ್ರೂ ಪುಣ್ಯಾತ್ಮ ಎಂಬತ್ತು ಎಂಬತ್ತು ಅಕ್ಷರದ್ದೇ ಬ್ಲಾಕ್ ಮಾಡಿ ಬರೆದಿದ್ರೆ ಆ ಎಂಬತ್ತು ಅಕ್ಷರಕ್ಕೆ ಅರ್ಧ ಇಂಚಿನ ಹತ್ತರಲ್ಲೊಂದು ಪಾಲು ಜಾಗ, ಖಾಲಿಗೆ ಅದರ ಹನ್ನೆರಡು ಪಟ್ಟು. ಇಡೀ ಟೇಪಿನಲ್ಲಿ ಸುಮಾರು ಮೂರೂವರೆ ಎಂಬಿ ಅಷ್ಟೇ ಬಂದೀತು, ಈಗ ಫೋನಲ್ಲಿ ಒಂದು ಫೋಟೋದಷ್ಟು. ಮೇಲ್ ಅಷ್ಟರಲ್ಲಿ ಬೇಕಾದಷ್ಟು ಹಿಡೀತದೆ ಬಿಡು.

ಒಮ್ಮೆ ಓದಿ ಫೈಲ್ ಸಿಕ್ಕಿದ್ರೆ ಮಾವನಿಗೆ ತೋರಿಸ್ಲಿಕ್ಕೆ ಮೈನ್‌ಫ್ರೇಮ್ ಬೇಡ. ಹರ್ಕ್ಯುಲೀಸ್ ಅಂತ ಒಂದು ಎಮ್ಯುಲೇಟರ್ ಉಂಟು, ಪುಕ್ಕಟೆ, ನಿನ್ನ ಲ್ಯಾಪ್‌ಟಾಪಲ್ಲಿ ಐಬಿಎಂ ಮೈನ್‌ಫ್ರೇಮಿನ ಹಾಗೆ ನಡೀತದೆ, ಹಳೇ ವಿಎಂ/370 ಸಿಸ್ಟಮ್ಮೂ ಅದರಲ್ಲಿ ಹಾಕ್ಬಹುದು. ಪರದೆ ಹಸುರು ಮಾಡಿ ಕೊಡು, ಮತ್ತೆ ಅವರು ನಿನ್ನನ್ನು ಲ್ಯಾಪ್‌ಟಾಪ್ ಮುಟ್ಟಲಿಕ್ಕೆ ಬಿಡ್ಲಿಕ್ಕಿಲ್ಲ.

---

ಗಡಿನಾಡ_ಗುಜರಿ

ಆಯ್ತು ಮಾರಾಯ್ರೆ, ಸೋತೆ. ಆದ್ರೆ ಡ್ರೈವ್ ಎಲ್ಲಿ ಉಂಟು ಅಂತ ಯಾರೂ ಹೇಳ್ಲೇ ಇಲ್ಲ.

---

ಮಂಜೇಶ್ವರದ_ಅಕ್ಕ

ಇಂಥ ಟೇಪು ಓದುವ ಒಂಬತ್ತು ಟ್ರ್ಯಾಕ್ ಡ್ರೈವ್ ಇಟ್ಟು ದುಡ್ಡಿಗೆ ಓದಿಕೊಡುವವರು ಹೊರದೇಶದಲ್ಲಿ ಇದ್ದಾರೆ. ಕಳಿಸುವ ಮೊದಲು ಟೇಪಿನ ಎರಡೂ ಬದಿ, ಅಂಚು, ಚೀಟಿ ಎಲ್ಲ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಅವರಿಗೆ ಹಾಕಿ ರೇಟ್ ಕೇಳು, ಓದ್ಲಿಕ್ಕೆ ಆಗದಿದ್ರೆ ದುಡ್ಡು ತಕೊಳ್ತಾರಾ ಅಂತಲೂ ಕೇಳು. ಪಾರ್ಸೆಲ್ ಮಳೆಗಾಲ ಕಳೆದ ಮೇಲೆ. ಅದಕ್ಕಿಂತ ಮುಂಚೆ ನಮ್ಮ ಸುತ್ತಮುತ್ತ ಯಾರ ಹತ್ರ ಆದ್ರೂ ಉಂಟಾ ನೋಡುವ, ಹಳೇ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿದವರು ಇಲ್ಲಿ ಇದ್ರೆ ಹೇಳಿ.

---

ಪೆರ್ಲದ_ಹುಡುಗ

ಫೋಟೋ ನಾಳೆ ತೆಗೀತೇನೆ ಅಕ್ಕ, ಇವತ್ತು ಕರೆಂಟೂ ಇಲ್ಲ ಬೆಳಕೂ ಇಲ್ಲ. ಮಾವನ ಹತ್ರ ಕಮಾಂಡ್ ಕೇಳಿದೆ, ಟೇಪ್ ಡಂಪ್ ಅಂತ ಹೇಳಿದ್ರು, ಲೇಬಲ್ ಇಲ್ಲ. ಅಕ್ಕಲಕೋಟದ ಅಣ್ಣ, ಕ್ರಿಸ್ಮಸ್ ಗಿಡದ ವಾರ ಅವರು ಡ್ಯೂಟಿಯಲ್ಲೇ ಇದ್ರಂತೆ, ಅದರ ಒಂದು ಪ್ರತಿ ಈ ಟೇಪಿನಲ್ಲಿ ಇದ್ರೂ ಇದ್ದೀತು, ಸಿಕ್ಕಿದ್ರೆ ಓಡಿಸ್ಬೇಡ ಅಂತ ಹೇಳಿದ್ದಾರೆ.